ಮ್ಯಾನೇಜರ್ ದನಿಯಲ್ಲಿ ಬೆಳ್ಯಪ್ಪಣ್ಣನ ಪಿಂಚಣಿ

ನನ್ನ ಗಂಟಲಿನಲ್ಲಿ ನಾನೊಬ್ಬನೇ ವಾಸವಾಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಚಿಕ್ಕ ರೈಟರ್. ಆಳುಗಳ ಹಾಜರಿ ಬರೆಯುವುದು, ಅದು ತಪ್ಪಾದಾಗ ಬೈಸಿಕೊಳ್ಳುವುದು ನನ್ನ ಕೆಲಸ. ಬಿಡುವಿನಲ್ಲಿ ಎಲ್ಲರ ದನಿ ಅನುಕರಿಸುತ್ತೇನೆ. ಆಳುಗಳ ಲೈನುಮನೆಯ ಸರಸಕ್ಕ ಅಳಿಯನನ್ನು ಹೊಗಳುತ್ತಲೇ ಬೈಯುವುದು, ನಮ್ಮಪ್ಪ ಕುಟ್ಟದಲ್ಲಿರುವ ಅತ್ತೆಯ ಜೊತೆ ಫೋನೇ ಬೇಡದಷ್ಟು ಜೋರಾಗಿ ಮಾತಾಡುವುದು, ಎಲ್ಲ ಬರುತ್ತದೆ. ಹೆಚ್ಚು ಬೇಡಿಕೆಯಿರುವುದು ಮ್ಯಾನೇಜರ್ ಸಾಹೇಬರ ದನಿಗೆ. ಅವರು ಪ್ರತಿ ಮಾತಿಗೂ ಮುಂಚೆ ಹಳೇ ಜೀಪು ಸ್ಟಾರ್ಟ್ ಆದ ಹಾಗೆ ಎರಡು ಸಲ ಕೆಮ್ಮಿ "ವೆಲ್" ಅನ್ನುತ್ತಾರೆ. ತೊಂದರೆಯೆಂದರೆ, ಹೆದರಿಕೆಯಾದಾಗ ಬಾಯಿಂದ ಯಾರು ಹೊರಗೆ ಬರುತ್ತಾರೆ ಎಂಬುದು ನನ್ನ ಕೈಯಲ್ಲಿಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ "ನಮ್ಮ ಹುಡುಗಿ ಹೇಗೆ?" ಎಂದು ಕೇಳಿದರು. ನಾನು ಎರಡು ಸಲ ಕೆಮ್ಮಿ "ವೆಲ್" ಅಂದೆ. ಇನ್ನೂ ಮದುವೆಯಾಗಿಲ್ಲ.

ನಮ್ಮ ಎಸ್ಟೇಟಿನ ಡ್ರೈವರ್ ಬೆಳ್ಯಪ್ಪಣ್ಣನ ಕಾಯಿಲೆ ಬೇರೆ. ಅವರು ಯಾರನ್ನೂ ಏನನ್ನೂ ಕೇಳುವವರಲ್ಲ. ಒಮ್ಮೆ ಸಾಹೇಬರ ನೆಂಟರನ್ನು ದುಬಾರೆಯ ಆನೆ ತೋರಿಸಲು ಕರೆದುಕೊಂಡು ಹೊರಟವರು ದಾರಿ ತಪ್ಪಿದರು. ದಾರಿಯಲ್ಲಿ ಜನರಿದ್ದರೂ ಕೇಳಲಿಲ್ಲ. ಸುತ್ತಿ ಸುತ್ತಿ ನಮ್ಮದೇ ಎಸ್ಟೇಟಿನ ಹಿಂದಿನ ಗೇಟಿಗೆ ಬಂದರು. ನೆಂಟರು ಇಳಿದು, "ಈ ತೋಟ ನಿಮ್ಮದಕ್ಕಿಂತ ಚೆನ್ನಾಗಿದೆ" ಎಂದು ಸಾಹೇಬರಿಗೆ ಫೋನ್ ಮಾಡಿದರು.

ಇಂಥವರು ನಿವೃತ್ತಿ ಹತ್ತಿರ ಬಂದಾಗ ನನ್ನ ಮೇಜಿನ ಬಳಿ ಬಂದು ನಿಂತರು. ಇಲ್ಲಿಗೆ ಬರುವ ಮುಂಚೆ ಅವರು ಕುಟ್ಟದ ಒಂದು ಎಸ್ಟೇಟಿನಲ್ಲಿ ಬಹಳ ವರ್ಷ ದುಡಿದಿದ್ದರು. ಅದು ಈಗ ಕೈ ಬದಲಾಗಿ ರೆಸಾರ್ಟ್ ಆಗಿದೆ. ಆ ವರ್ಷಗಳು ಇಲ್ಲಿನ ಖಾತೆಗೆ ಸೇರಿದ್ದರೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ, ಇಲ್ಲದಿದ್ದರೆ ಇಲ್ಲ. "ಹೆಂಡತಿ ನೆಂಟರಿಗೆಲ್ಲ ಪಿಂಚಣಿ ಬರ್ತದೆ ಅಂತ ಹೇಳಿ ಆಗಿದೆ ಮಾರಾಯ," ಎಂದರು. ರಾತ್ರಿ ನಿದ್ದೆ ಹತ್ತದ ಕಣ್ಣು.

"ಸಾಹೇಬ್ರ ಹತ್ರ ಕೇಳಿ ಅಣ್ಣ."

"ಎಂತ ಕೇಳುದು? ಕೇಳಿದ್ರೆ ಅವರನ್ನ ನಂಬ್ಲಿಲ್ಲ ಅಂತ ಆಗ್ತದೆ."

ನಮ್ಮ ಎಸ್ಟೇಟಿನ ರೂಢಿಯೇ ಅದು. ಪಿಂಚಣಿಗೆಂದು ಸಂಬಳದಿಂದ ಹಣ ಕತ್ತರಿಸುತ್ತಾರೆ, ನಾವು ತಲೆಯಾಡಿಸುತ್ತೇವೆ. ಎಲ್ಲಿಗೆ ಹೋಯಿತೆಂದು ಕೇಳುವುದು ಮದುವೆಮನೆಯಲ್ಲಿ ಪಲ್ಯಕ್ಕೆ ಎಣ್ಣೆ ಯಾವುದೆಂದು ವಿಚಾರಿಸಿದಷ್ಟು ಅಸಭ್ಯ. ಆದ್ದರಿಂದ ಬೆಳ್ಯಪ್ಪಣ್ಣ ಒಂದು ಮರ್ಯಾದಸ್ಥ ಉಪಾಯ ಹೇಳಿದರು: "ನೀನೇ ಸಾಹೇಬ್ರ ಹಾಗೆ ಪಿಂಚಣಿ ಆಫೀಸಿಗೆ ಫೋನ್ ಮಾಡು."

ಸಾಹೇಬರು ಊಟಕ್ಕೆ ಹೋದ ಹೊತ್ತು ನೋಡಿ, ಬೆಳ್ಯಪ್ಪಣ್ಣನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಫೋನ್ ಮಾಡಿದೆ. ಎರಡು ಕೆಮ್ಮು, ಒಂದು ವೆಲ್, ನಮ್ಮ ಡ್ರೈವರ್ ವಿಷಯ ತಕ್ಷಣ ತಿಳಿಸಿ ಎಂಬ ಗತ್ತು. ಆ ಕಡೆ ಒಬ್ಬ ಮೇಡಂ. ಒಂದಿಷ್ಟೂ ಅಲುಗಾಡಲಿಲ್ಲ.

"ಫೋನಲ್ಲಿ ನಿಮಗೆ ಹೇಳೋಕಾಗಲ್ಲ ಸಾರ್. ಖಾತೆ ಇರೋ ಮೆಂಬರೇ ಬಂದು ಕೇಳಲಿ, ಎಷ್ಟು ವರ್ಷ ಸೇರಿದೆ, ಎಷ್ಟು ಬರ್ತದೆ, ಎಲ್ಲ ಹೇಳ್ತೇವೆ. ಕೇಳೋದು ಅವರ ಹಕ್ಕು."

ಜೀವನದಲ್ಲಿ ಮೊದಲ ಸಲ ಸಾಹೇಬರ ದನಿ ಕೆಲಸಕ್ಕೆ ಬರಲಿಲ್ಲ. ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಸಾಹೇಬರು. ಕನ್ನಡಕ ಮರೆತುಹೋಗಿದ್ದರಂತೆ.

"ವೆಲ್," ಎಂದರು, ಕೆಮ್ಮದೆ. "ನಾನು ಅಷ್ಟೊಂದು ಕೆಮ್ಮುತ್ತೇನಾ?"

ಅವರು ಬೆಳ್ಯಪ್ಪಣ್ಣನ ಕಡೆ ತಿರುಗಿದರು. "ನನ್ನನ್ನೇ ಕೇಳಬಹುದಿತ್ತಲ್ಲ?"

"ನಿಮಗೆ ಬೇಜಾರಾಗ್ತದೆ ಅಂತ ಸಾರ್."

"ಕೇಳಿದ್ದಕ್ಕೆ ಬೇಜಾರಿಲ್ಲ. ಆ ಕೆಮ್ಮಿಗೆ ಬೇಜಾರು. ನಾಳೆ ಜೀಪು ತಗೊಂಡು ಹೋಗಿ. ಇವನನ್ನೂ ಕರ್ಕೊಂಡು ಹೋಗಿ, ಇಲ್ಲಿದ್ರೆ ನಾನು ಎರಡೆರಡು ಕಡೆ ಇದ್ದ ಹಾಗಾಗ್ತದೆ."

ಮರುದಿನ ಹೋದೆವು. ಆಫೀಸಿನ ದಾರಿಯನ್ನೂ ಕೇಳಬೇಕಾಯಿತು, ನಾನೇ ಕೇಳಿದೆ. ಕೌಂಟರಿನಲ್ಲಿ ಮಾತ್ರ ಬೆಳ್ಯಪ್ಪಣ್ಣ ನನ್ನನ್ನು ಪಕ್ಕಕ್ಕೆ ಸರಿಸಿ, ಟೋಪಿ ತೆಗೆದು, ತಮ್ಮದೇ ದನಿಯಲ್ಲಿ ಕೇಳಿದರು: "ನನ್ನ ಕುಟ್ಟದ ವರ್ಷ ಸೇರಿದೆಯಾ ಮೇಡಂ?"

ಫೋನಿನಲ್ಲಿ ಸಿಕ್ಕಿದ್ದ ಅದೇ ಮೇಡಂ ಕಂಪ್ಯೂಟರ್ ನೋಡಿದರು. "ಸೇರಿದೆಯಲ್ಲ. ಯಾವತ್ತೋ ಸೇರಿದೆ. ಪಿಂಚಣಿ ಬರ್ತದೆ."

ಬೆಳ್ಯಪ್ಪಣ್ಣ ಟೋಪಿಯನ್ನು ಮತ್ತೆ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಅಲ್ಲಿದ್ದ ಬೆಂಚಿನ ಮೇಲೆ ಕುಳಿತು, ಎಷ್ಟೋ ತಿಂಗಳಿಂದ ಹಿಡಿದಿಟ್ಟ ಉಸಿರನ್ನು ಒಟ್ಟಿಗೆ ಬಿಟ್ಟರು. ಆಮೇಲೆ ರುಚಿ ಹತ್ತಿದವರಂತೆ ಕೇಳಲು ಶುರುಮಾಡಿದರು: ಯಾವ ತಿಂಗಳಿಂದ, ಯಾವ ಬ್ಯಾಂಕಿಗೆ, ನನ್ನ ನಂತರ ಹೆಂಡತಿಗೆ ಉಂಟಾ, ಇಲ್ಲಿ ಕಾಫಿ ಎಲ್ಲಿ ಸಿಗ್ತದೆ. ಮೇಡಂ ಎಲ್ಲಕ್ಕೂ ಉತ್ತರ ಕೊಟ್ಟರು, ಕಾಫಿಗೂ.

ಅವರ ಮುಖ ನೋಡಿ ನನಗೂ ಹಗುರವಾಯಿತು. ಆಗ ಮೇಡಂ ನನ್ನ ಕಡೆ ಬೆರಳು ಮಾಡಿ, "ನೀವೂ ಮೆಂಬರಾ? ನಿಮ್ಮದು ಯಾವತ್ತಾದ್ರೂ ಕೇಳಿ ನೋಡಿದ್ದೀರಾ?" ಎಂದರು.

ಕೇಳಿರಲಿಲ್ಲ. ನನ್ನ ಸಂಬಳದಿಂದಲೂ ಕತ್ತರಿಸುತ್ತಾರೆ, ನಾನೂ ತಲೆಯಾಡಿಸುತ್ತೇನೆ. ನನ್ನದೇ ಹೆಸರು ಹೇಳಿ, ನನ್ನದೇ ವಿಷಯ ಕೇಳಬೇಕು, ಅಷ್ಟೇ. ಬಾಯಿ ತೆರೆದೆ. ಎರಡು ಸಲ ಕೆಮ್ಮು ಬಂತು.

ಮೇಡಂ ಕಂಪ್ಯೂಟರಿನಿಂದ ತಲೆಯೆತ್ತದೆಯೇ ಹೇಳಿದರು: "ಹೇಳಿ ಮ್ಯಾನೇಜರ್ ಸಾರ್."