ಶಾಲು ಸಾಕು, ಕಂಬಿ ಬೇಕು

ಸನ್ಮಾನ ಮಾಡಿಸಿಕೊಳ್ಳುವವರಿಗೆ ಎರಡೂ ಕೈ ಖಾಲಿ ಇರಬೇಕು. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ನಾನು ಅನುಭವದಿಂದ ಕಲಿತದ್ದು. ನನ್ನ ಬಲಗೈ ಬುದ್ಧಿ ಬಂದಾಗಿನಿಂದ ಊರುಗೋಲಿಗೆ ಮೀಸಲು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಹೋದ ಮೇಲೆ ಎಡಗಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಹೋಗಲಿ ಬಿಡಿ, ಮನೆಯಲ್ಲಿ ನನ್ನ ಮಾತು ಕೇಳದವರು ಅದೊಂದೇ ಅಲ್ಲವಲ್ಲ ಎಂದು ನಾನೂ ಅದರ ಜೊತೆ ಹೊಂದಿಕೊಂಡು ಹೋಗುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ವರ್ಷವಿಡೀ ನನ್ನನ್ನು ಮಾರ್ಕ್ಸ್ ಕೊಡುವುದರಲ್ಲಿ ಮಹಾ ಜಿಪುಣಿ ಎಂದು ಬೈದುಕೊಳ್ಳುವ ಮಕ್ಕಳು, ಡಿಸೆಂಬರ್‌ನಲ್ಲಿ ಅಂಗವಿಕಲರ ಬಗ್ಗೆ ಜಾಗೃತಿ ಮೂಡಿಸುವ ದಿನ ಬಂತೆಂದರೆ ಇದ್ದಕ್ಕಿದ್ದಂತೆ ನನ್ನನ್ನು ಮಹಾತ್ಮಳನ್ನಾಗಿ ಮಾಡಿಬಿಡುತ್ತಾರೆ. ಒಂದು ವರ್ಷ ನಿರೂಪಣೆ ಮಾಡುವ ಹುಡುಗಿ ಗದ್ಗದ ಕಂಠದಲ್ಲಿ, “ಕಾಲಿಲ್ಲದಿದ್ದರೂ ಎದೆಗುಂದದ ನಮ್ಮ ಮೇಡಂ” ಎಂದುಬಿಟ್ಟಳು. ನಾನು ಗಾಬರಿಯಾಗಿ ಕೆಳಗೆ ಬಗ್ಗಿ ನೋಡಿಕೊಂಡೆ. ಎರಡೂ ಇದ್ದವು. ಆಮೇಲೆ ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಬುಟ್ಟಿ ಹಿಡಿಯಲು ಅಡ್ಡವಾಗುತ್ತದೆಂದು ಯಾರೋ ಪುಣ್ಯಾತ್ಮರು ನನ್ನ ಕೈಯಿಂದ ಕೋಲನ್ನು ಬಹಳ ಗೌರವದಿಂದ ಇಸಿದುಕೊಂಡು ಹೋಗುತ್ತಾರೆ. ಫೋಟೋ ಆಗುತ್ತದೆ, ಚಪ್ಪಾಳೆ ಆಗುತ್ತದೆ, ಎಲ್ಲರೂ ಉಪ್ಪಿಟ್ಟಿಗೆ ಹೋಗುತ್ತಾರೆ. ನಾನು ಮಾತ್ರ ಬುಟ್ಟಿ ಹಿಡಿದು ವೇದಿಕೆಯ ಮೇಲೆ ನೆಟ್ಟ ಕಲ್ಲಿನ ಹಾಗೆ ನಿಂತಿರುತ್ತೇನೆ. ಮನೆಗೆ ಬಂದರೆ, ನನ್ನ ಜೊತೆ ಇರಲೆಂದು ಸಾಗರದಿಂದ ಬಂದಿರುವ ಅಮ್ಮನದು ಬೇರೆಯೇ ರಾಗ: “ಎಂತದೇ ಕೂಸೇ, ಈ ಸಲನೂ ಶಾಲೇಯಾ? ಬೀರುವಿನಲ್ಲಿ ಇಡ್ಲೆ ಜಾಗ ಇಲ್ಲೆ!”

ನನಗೆ ಬೇಕಾದದ್ದು ಶಾಲಲ್ಲ, ಮೆಟ್ಟಿಲಿಗೊಂದು ಕಂಬಿ. ಮಹಡಿಗೆ ಹೋಗುವ ನಮ್ಮ ಕಾಲೇಜಿನ ಮೆಟ್ಟಿಲಿಗೆ ಎರಡೂ ಬದಿ ಗೋಡೆಯಿದೆ. ಪಕ್ಕಕ್ಕೆ ಬೀಳುವ ಭಯವಿಲ್ಲವಲ್ಲ, ಕಂಬಿ ಯಾಕೆ ಎಂದು ಕಟ್ಟಿಸಿದವರು ಬಿಟ್ಟಿದ್ದಾರೆ. ಮನುಷ್ಯ ಹಿಂದಕ್ಕೂ ಬೀಳಬಲ್ಲ ಎಂಬುದು ಅವರಿಗೆ ಹೊಳೆದಿಲ್ಲ. ನನ್ನ ಪ್ರೀತಿಯ ಅಂತಿಮ ಬಿ.ಎ. ತರಗತಿ ಇರುವುದು ಮಹಡಿಯ ಮೇಲೆ. ಪ್ರಶ್ನೆ ಕೇಳುವ, ವಾದ ಮಾಡುವ, ಒಮ್ಮೊಮ್ಮೆ ನನ್ನನ್ನೇ ತಬ್ಬಿಬ್ಬು ಮಾಡುವ ಮಕ್ಕಳು ಇಡೀ ಕಾಲೇಜಿನಲ್ಲಿ ಅವರೇ. ಕಳೆದ ಮಳೆಗಾಲದಲ್ಲಿ ನಾನು ಆ ಒದ್ದೆ ಮೆಟ್ಟಿಲ ಮೇಲೆ ಜಾರಿ ಕುಳಿತದ್ದೇ ನೆಪವಾಯಿತು. ಪ್ರಿನ್ಸಿಪಾಲರು ಕರೆಸಿದರು.

“ಮೇಲಿನ ಕ್ಲಾಸು ಬೇಡ ಬಿಡಿ ಮೇಡಂ. ಬರೋ ಜೂನ್‌ನಿಂದ ಕೆಳಗೆ ಫಸ್ಟ್ ಇಯರ್ ತಗೊಳ್ಳಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

“ಒಂದು ಕಂಬಿ ಹಾಕಿಸಿಬಿಡಿ ಸರ್, ನನ್ನ ಒಳ್ಳೇದು ನಾನೇ ನೋಡ್ಕೊಳ್ತೀನಿ.”

“ಒಬ್ಬರಿಗೋಸ್ಕರ ಅಂತ ಆಗಬಾರದಲ್ಲ ಮೇಡಂ. ಅಷ್ಟಕ್ಕೂ ನಮ್ಮ ಕಬಡ್ಡಿ ಟೀಮಿಗೆ ಹೇಳಿದ್ರೆ ಕುರ್ಚಿ ಸಮೇತ ಎತ್ಕೊಂಡೇ ಹೋಗ್ತಾರೆ.”

ಆ ಪ್ರಯೋಗವೂ ಒಮ್ಮೆ ಆಗಿತ್ತು. ನಾಲ್ಕು ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನನ್ನು ಎತ್ತಿ ಮಹಡಿಯ ಸಭಾಂಗಣಕ್ಕೆ ಮೆರವಣಿಗೆ ಹೊರಟಾಗ, ಎದುರಿಗೆ ಬಂದ ಸಂಸ್ಕೃತದ ಭಟ್ಟರು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಕೈ ಮುಗಿದರು. ಪಲ್ಲಕ್ಕಿಯಲ್ಲಿ ಕುಳಿತ ದೇವರ ಕಷ್ಟ ಏನೆಂದು ನನಗೆ ಅಂದು ಅರ್ಥವಾಯಿತು. ಇಳಿಸಿ ಎಂದರೆ ಯಾರೂ ಇಳಿಸುವುದಿಲ್ಲ, ಇನ್ನಷ್ಟು ಎತ್ತರಕ್ಕೆ ಎತ್ತುತ್ತಾರೆ. ಇನ್ನು ನಾಲ್ಕು ಜನರ ಕೈಯಲ್ಲಿ ಎತ್ತಿಸಿಕೊಂಡು ಹೋಗಿ ಸ್ವಾವಲಂಬಿ ಆರ್ಥಿಕತೆಯ ಪಾಠ ಮಾಡುವುದು ಹೇಗೆ, ನೀವೇ ಹೇಳಿ.

ಈ ಸಲದ ಡಿಸೆಂಬರ್ ಬಂತು. ಶಾಲು ಹೊದಿಸಲು ಬಂದರೆ ತುಂಬಿದ ಸಭೆಯಲ್ಲೇ ಬೇಡವೆಂದು ಹೇಳಿ, ಮೈಕ್ ಹಿಡಿದು ಕಂಬಿ ಕೇಳಿಬಿಡಬೇಕೆಂದು ತೀರ್ಮಾನಿಸಿದ್ದೆ. ಕನ್ನಡಿಯ ಮುಂದೆ ನಿಂತು ಭಾಷಣವನ್ನು ಗಟ್ಟಿ ಮಾಡಿಕೊಂಡೂ ಇದ್ದೆ. ಮುಖ್ಯ ಅತಿಥಿಗಳು ಅರಳಸುರಳಿ ಕಡೆಯ ಗೌಡರು, ನಮ್ಮ ಆಡಳಿತ ಮಂಡಳಿಯ ಹಿರಿಯರು, ಆಳೆತ್ತರದ ಭಾರಿ ಮನುಷ್ಯ. ಕಾರಿನಿಂದ ಇಳಿದು ಮೆಟ್ಟಿಲ ಬುಡಕ್ಕೆ ಬಂದವರು ಅಲ್ಲೇ ನಿಂತುಬಿಟ್ಟರು. ಕೋಲೂರಿಕೊಂಡು ನಾನೂ ಅಲ್ಲೇ ನಿಂತಿದ್ದೆ. ಗೌಡರು ಒಮ್ಮೆ ಮೇಲೆ ನೋಡಿದರು, ಒಮ್ಮೆ ತಮ್ಮ ಮಂಡಿಗಳನ್ನು ನೋಡಿಕೊಂಡರು.

“ಎಂತ ಮಾರಾಯ್ರೆ, ಇದನ್ನ ಹತ್ತದಾ? ಹಿಡ್ಕಳಕ್ಕೆ ಒಂದು ಕಂಬಿನಾದ್ರೂ ಬ್ಯಾಡ್ವಾ?”

ಪ್ರಿನ್ಸಿಪಾಲರು ಕಬಡ್ಡಿ ತಂಡದ ಕಡೆ ನೋಡಿದರು. ಗೌಡರ ಗಾತ್ರ ನೋಡಿದ ಕಬಡ್ಡಿ ತಂಡ ಆಕಾಶ ನೋಡಿತು. ನನಗೆ ಪಾಪ ಅನ್ನಿಸಿ, “ಬನ್ನಿ ಗೌಡರೆ, ಗೋಡೆಗೆ ಒಂದು ಕೈ ಕೊಡಿ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಅಷ್ಟೇ ಸೂತ್ರ” ಎಂದೆ.

“ನಂಗೆ ಎರಡೂ ಕೆಟ್ಟವೇ ಮೇಡಂ! ಯಾವುದನ್ನ ಮೊದ್ಲು ಇಡ್ಲಿ?”

ಅರ್ಥಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಾ, ನಡುವೆ ಅಡಿಕೆ ಕೊಯ್ಲಿನ ವಿಚಾರ ಮಾತಾಡುವ ನೆಪದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ ಮೇಲೆ ಸೇರುವಷ್ಟರಲ್ಲಿ ಪ್ರಾರ್ಥನೆ ಹಾಡುವ ಹುಡುಗಿಯರು ಅದೇ ಹಾಡನ್ನು ಮತ್ತೆ ಮೊದಲಿನಿಂದ ಶುರು ಮಾಡಿದ್ದರು. ಗೌಡರು ಅಂಗವೈಕಲ್ಯದ ಬಗ್ಗೆ ಮಾತಾಡಬೇಕಿತ್ತು. ಪೂರ್ತಿ ತಮ್ಮ ಮಂಡಿಯ ಬಗ್ಗೆಯೇ ಮಾತಾಡಿದರು. ನಾನು ಕೇಳಿದ ಜಾಗೃತಿ ಭಾಷಣಗಳಲ್ಲೆಲ್ಲ ಅದೇ ಶ್ರೇಷ್ಠವಾದದ್ದು. ನನ್ನ ಭಾಷಣಕ್ಕೆ ಸಮಯವೇ ಉಳಿಯಲಿಲ್ಲ, ಶಾಲನ್ನೂ ತೆಪ್ಪಗೆ ಹೊದ್ದುಕೊಂಡೆ. ಆದರೆ ಮುಂದಿನ ವಾರವೇ ಫಳಫಳ ಹೊಳೆಯುವ ಸ್ಟೀಲಿನ ಕಂಬಿ ಬಂದು ಗೋಡೆಯಲ್ಲಿ ಕೂತಿತು. ನಾನು ವರ್ಷಗಟ್ಟಲೆ ಗೋಗರೆದರೂ ಬಾರದ್ದು ಗೌಡರ ಎರಡು ಮಂಡಿಗಳಿಂದ ಬಂತು. ಮೊದಲ ದಿನ ಅದನ್ನು ಹಿಡಿದು ಯಾರ ಹಂಗೂ ಇಲ್ಲದೆ ಮೇಲೆ ಹೋದಾಗ, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಒಬ್ಬರಿಗೋಸ್ಕರ ಆಗಬಾರದು ಎಂದಿದ್ದ ಕಂಬಿಯನ್ನು ಆಮೇಲೆ ಹಿಡಿಯದವರೇ ಇಲ್ಲ. ಪ್ರಿನ್ಸಿಪಾಲರು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಭಟ್ಟರು ಎತ್ತಿ ಹಿಡಿದ ಪಂಚೆಯ ತುದಿ ಬಿಟ್ಟು ಅದನ್ನೇ ಹಿಡಿಯುತ್ತಾರೆ. ಅಂತಿಮ ಬಿ.ಎ. ನನಗೇ ಉಳಿಯಿತು. ಎಲ್ಲ ಚೆನ್ನಾಗಿಯೇ ಇತ್ತು, ಜೂನ್ ಬರುವವರೆಗೆ.

ನಮ್ಮ ಕಡೆಯವರಿಗೆ ಒಂದು ಗುಣವಿದೆ. ಮಳೆ ಹಿಡಿಯಿತೆಂದರೆ ಅಡ್ಡವಾಗಿರುವ ಯಾವ ವಸ್ತು ಕಂಡರೂ ಅದರ ಮೇಲೆ ಏನನ್ನಾದರೂ ಒಣಗಲು ಹಾಕುತ್ತಾರೆ. ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ನನ್ನ ಕಂಬಿಯೇ ಕಾಣುತ್ತಿಲ್ಲ! ಬುಡದಿಂದ ತುದಿಯವರೆಗೆ ಬರೀ ಕೊಡೆಗಳು. ಹೂವಿನ ಕೊಡೆ, ಮಡಿಚುವ ಕೊಡೆ, ಆಗುಂಬೆ ಕಡೆಯ ಹುಡುಗರ ಅಜ್ಜನ ಕಾಲದ ದೊಣ್ಣೆ ಹಿಡಿಯ ಕರಿ ಕೊಡೆ, ನಡುನಡುವೆ ರೇನ್‌ಕೋಟು. ಎಲ್ಲದರಿಂದ ನೀರು ತೊಟ್ಟಿಕ್ಕಿ ಮೆಟ್ಟಿಲು ಹೊಳೆಯಾಗಿತ್ತು. ಕಂಬಿಯಿಲ್ಲದ ಕಾಲದಲ್ಲೂ ಇಷ್ಟು ಜಾರುತ್ತಿರಲಿಲ್ಲ. ಇಲ್ಲಿ ಇನ್ನೊಮ್ಮೆ ಬಿದ್ದರೆ ಫಸ್ಟ್ ಇಯರೇ ಗತಿ! ನಾನು ಕೊಡೆಗಳನ್ನು ಒಂದೊಂದಾಗಿ ಸರಿಸಿಕೊಂಡು, ಸಿಕ್ಕಿದ ಜಾಗದಲ್ಲಿ ಬೆರಳು ತೂರಿಸಿಕೊಂಡು, ಸೆರಗು ಒದ್ದೆ ಮಾಡಿಕೊಂಡು ಮೇಲೆ ತಲುಪುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತ್ತು.

ಬಾಗಿಲಲ್ಲೇ ಶುರು ಮಾಡಿದೆ. “ನಾಚಿಕೆ ಆಗಲ್ವಾ ನಿಮಗೆ? ಡಿಸೆಂಬರ್‌ನಲ್ಲಿ ಭಾಷಣ ಕೇಳಿ ಚಪ್ಪಾಳೆ ಹೊಡೀತೀರಿ, ಜೂನ್‌ನಲ್ಲಿ ಕೊಡೆ ನೇತುಹಾಕ್ತೀರಿ! ಆ ಕಂಬಿ ಯಾತಕ್ಕೆ ಇರೋದು, ಅಷ್ಟೂ ತಿಳಿಯಲ್ವಾ? ಈ ಪದ್ಧತಿ ಮೊದಲು ಶುರು ಮಾಡಿದ್ದು ಯಾರು? ಅವರು ಈಗಲೇ ಎದ್ದು ನಿಂತ್ಕೊಳ್ಳಿ!”

ಯಾರೂ ಏಳಲಿಲ್ಲ. ಎಲ್ಲರೂ ತಲೆ ತಗ್ಗಿಸಿದರು, ಕೆಲವರ ಭುಜ ಕುಲುಕುತ್ತಿತ್ತು. ನಾನು ಕೋಲಿನಿಂದ ನೆಲ ಕುಟ್ಟಿ ಮತ್ತೊಮ್ಮೆ ಗದರಿದೆ. ಮುಂದಿನ ಬೆಂಚಿನ ಹೊಸನಗರದ ಹುಡುಗಿ, ಯಾರಿಗೂ ಹೆದರದವಳು, ಬಹಳ ವಿನಯದಿಂದ ಹೇಳಿದಳು:

“ನೀವು ಆಗ್ಲೇ ನಿಂತೇ ಇದೀರಲ್ಲ ಮೇಡಂ.”

ಹೌದಲ್ಲ! ಒಂದು ಕೈಗೆ ಕೋಲು, ಇನ್ನೊಂದು ಕೈಗೆ ಕಂಬಿ ಆದ ಮೇಲೆ ಕೊಡೆಗೆ ಕೈ ಎಲ್ಲಿಂದ ಬರಬೇಕು? ಮಳೆ ಹಿಡಿದ ಮೊದಲನೇ ದಿನ, ಕಂಬಿಯ ಬುಡಕ್ಕೆ ನನ್ನ ನೀಲಿ ಕೊಡೆ ಸಿಕ್ಕಿಸಿ, ಆಹಾ ಎಷ್ಟು ಅನುಕೂಲ ಎಂದುಕೊಳ್ಳುತ್ತಾ ಮೇಲೆ ಹೋದವಳು ನಾನೇ. ಆ ಬೆಳಿಗ್ಗೆಯೂ ಅದನ್ನು ಅಲ್ಲೇ ಸಿಕ್ಕಿಸಿ ಬಂದಿದ್ದೆ, ಆ ಹೊತ್ತಿಗೂ ಅದು ಅಲ್ಲೇ ನೇತಾಡುತ್ತಿತ್ತು.

ನಾನು ಕುಳಿತುಕೊಂಡೆ.