ಪಂಕ್ತಿ ಮುಗಿಯದೆ ಏಳದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನನ್ನು ಹೋಟೆಲಿಗೆ ಕರೆದುಕೊಂಡು ಹೋಗುವುದು ಬಹಳ ಸುಲಭ. ವಾಪಸು ಕರೆದುಕೊಂಡು ಬರುವುದಿದೆಯಲ್ಲ, ಅದಕ್ಕೆ ಮಾತ್ರ ಮಡಿಕೇರಿಯಿಂದ ಪೊಲೀಸರನ್ನೇ ಕರೆಸಬೇಕು! ಬಾಯಿಗೆ ಬಂದದ್ದು ಹೇಳುತ್ತಿದ್ದಾನೆ ಎಂದುಕೊಂಡಿರಾ? ಹಾಗಿದ್ದರೆ ನೀವು ಅವರ ಜತೆ ಕೂತು ಒಂದೇ ಒಂದು ದೋಸೆಯನ್ನೂ ತಿಂದವರಲ್ಲ.

ಕಾರಣ ಹೇಳಿದರೆ ನಗುತ್ತೀರಿ. ನಮ್ಮ ಕಡೆ ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಒಂದು ಪದ್ಧತಿಯುಂಟು. ಎಲ್ಲರಿಗೂ ಬಡಿಸಿ ಆಗುವವರೆಗೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಕೊನೆಯವನ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಹಿರಿಯರೊಬ್ಬರು ಅತ್ತಿತ್ತ ನೋಡಿ "ಏಳೋಣ್ವಾ?" ಎಂದ ಮೇಲೆ ಎಲ್ಲರೂ ಒಟ್ಟಿಗೆ ಏಳಬೇಕು. ಒಳ್ಳೆಯ ಪದ್ಧತಿಯೇ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಇದನ್ನು ಬಸ್ ನಿಲ್ದಾಣದ ಹೋಟೆಲಿನಲ್ಲೂ ನಡೆಸಬೇಕು ಎಂದು ಹಟ ಹಿಡಿದ ಮನುಷ್ಯ ಇಡೀ ಕೊಡಗು ರಾಜ್ಯದಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಚಿಕ್ಕಪ್ಪನೇ ಆಗಬೇಕೇ! ಆಗ ಕೊಡಗು ಬೇರೆಯೇ ರಾಜ್ಯ, ನೋಡಿ. ನಮಗೆ ನಮ್ಮದೇ ಮುಖ್ಯಮಂತ್ರಿ. ರಾಜ್ಯವೇನೋ ನಮ್ಮದೇ, ಆದರೆ ಎಷ್ಟು ಚಿಕ್ಕದೆಂದರೆ ಚಿಕ್ಕಪ್ಪ ಮಾದಾಪುರದಲ್ಲಿ ಮಾಡಿದ ಅವಾಂತರದ ಸುದ್ದಿ ನಮಗಿಂತ ಮೊದಲೇ ಬಸ್ಸು ಹತ್ತಿ ಸೋಮವಾರಪೇಟೆ ತಲುಪಿರುತ್ತಿತ್ತು.

ಮಾದಾಪುರದ ಹಳೆಯ ಹೋಟೆಲೆಂದರೆ ತಗಡಿನ ಮಾಡು, ಹೊಗೆಗೆ ಕಪ್ಪಾದ ಗೋಡೆ, ಗೋಡೆಯುದ್ದಕ್ಕೂ ಒಂದೇ ಬೆಂಚು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರುಗಳು, ಲಾರಿಯವರು, ಗದ್ದೆ ಕೆಲಸದ ನಮ್ಮಂಥವರು, ಎಲ್ಲರೂ ಅಲ್ಲೇ ತೊಡೆಗೆ ತೊಡೆ ತಾಗಿಸಿಕೊಂಡು ಕೂರಬೇಕು. ಚಿಕ್ಕಪ್ಪನಿಗೆ ಉದ್ದನೆಯ ಬೆಂಚು ಕಂಡರೆ ಸಾಕು, ಅದು ಪಂಕ್ತಿಯೇ! ಇವರ ಇಡ್ಲಿ ಮುಗಿದಿರುತ್ತದೆ, ಪಕ್ಕದವನದು ಮುಗಿದಿರುವುದಿಲ್ಲ. ಅವನದು ಮುಗಿಯುವಷ್ಟರಲ್ಲಿ ಆಚೆ ತುದಿಯಲ್ಲಿ ಹೊಸಬನೊಬ್ಬ ಬಂದು ಕೂತಿರುತ್ತಾನೆ. ಇನ್ನು ಅವನಿಗಾಗಿ ಕಾಯಬೇಕು. ಅಷ್ಟರಲ್ಲಿ ಇನ್ನೊಬ್ಬ! ಒಂದು ದಿನ ಬೆಳಗ್ಗೆ ಎಂಟಕ್ಕೆ ಕೂತವರು ಮಧ್ಯಾಹ್ನದ ಬಸ್ಸಿನ ಜನವೆಲ್ಲ ತಿಂದು ಹೋಗುವವರೆಗೂ ಬಲಗೈ ತಟ್ಟೆಯ ಮೇಲೆ ಒಣಗಿಸಿಕೊಂಡು ಕೂತೇ ಇದ್ದರು. ಹೋಟೆಲಿನ ಭಟ್ಟರು ಘಟ್ಟದ ಕೆಳಗಿನವರು, ಬಹಳ ತಾಳ್ಮೆಯ ಮನುಷ್ಯ. ಅವರೂ ತಡೆಯಲಾರದೆ ನನ್ನನ್ನು ಕರೆದು, "ಎಂತ ಮಾರಾಯ್ರೆ, ನಿಮ್ಮ ಚಿಕ್ಕಪ್ಪ ತಿಂದದ್ದು ಎರಡು ಇಡ್ಲಿ. ಮಧ್ಯಾಹ್ನದ ಊಟಕ್ಕೂ ಅದೇ ಕೈಯಲ್ಲಿ ಕೂರುವ ಅಂದಾಜುಂಟಾ?" ಎಂದರು.

ಸುಮ್ಮನೆ ಕೂತಿದ್ದರಾದರೂ ಆಗುತ್ತಿತ್ತು. ಯಾರಾದರೂ ಮಧ್ಯದಲ್ಲಿ ಎದ್ದರೋ, ಮುಗಿಯಿತು ಅವರ ಕತೆ! "ಕೂತ್ಕೊಳ್ರೀ! ಪಕ್ಕದೋರು ಇನ್ನೂ ಉಣ್ತಾ ಅವ್ರೆ. ಏನು, ಬಸ್ಸು ತಪ್ಪೋಗ್ತೈತಾ?" ಎಂದು ಗದರುತ್ತಿದ್ದರು. ಪಾಪ, ಅವರಿಗೆ ನಿಜವಾಗಿಯೂ ಬಸ್ಸೇ ತಪ್ಪಿ ಹೋಗುತ್ತಿರುತ್ತಿತ್ತು.

ಇನ್ನೊಂದು ಸಲ ಮಡಿಕೇರಿ ಬಸ್ಸಿನ ಜನರೆಲ್ಲ ತಿಂಡಿ ಮುಗಿಸಿ ಬೆಂಚಿನಲ್ಲೇ ಹರಟೆ ಹೊಡೆಯುತ್ತಿದ್ದರು. ಅಂದು ಚಿಕ್ಕಪ್ಪನ ಭಾಗ್ಯಕ್ಕೆ ಎಲ್ಲರ ತಟ್ಟೆಯೂ ಒಟ್ಟಿಗೇ ಖಾಲಿ! ಗಂಟಲು ಸರಿಮಾಡಿಕೊಂಡು, "ಎಲ್ರುದೂ ಆಯ್ತಲ್ಲ? ಏಳೋಣ್ವಾ?" ಎಂದು ಜೋರಾಗಿ ಕೇಳಿದರು. ಅವರು ತೊಟ್ಟಿದ್ದು ಹಳೆಯ ಖಾಕಿ ಕೋಟು. ಇವರೇ ಕಂಡಕ್ಟರೆಂದು ತಿಳಿದು ಜನ ದಡಬಡ ಎದ್ದು, ಕೈಯನ್ನೂ ತೊಳೆಯದೆ ಬಸ್ಸಿನತ್ತ ಓಡಿದರು. ನಿಜವಾದ ಡ್ರೈವರೂ ಕಂಡಕ್ಟರೂ ಬಸ್ಸಿನ ಮುಂದೆ ನಿಂತು ಇಂಜಿನ್ನಿಗೆ ನೀರು ಹೊಯ್ಯುತ್ತಿದ್ದರು. ಇಷ್ಟೊಂದು ಜನ ತಮ್ಮ ಮೇಲೆ ನುಗ್ಗಿ ಬರುವುದನ್ನು ಕಂಡು, ಏನು ತಪ್ಪು ಮಾಡಿದ್ದರೋ, ಇಬ್ಬರೂ ಕೊಡ ಬಿಸಾಕಿ ಕಾಫಿ ತೋಟದೊಳಗೆ ಓಡಿದರು! ಅಂದು ಬಸ್ಸು ಒಂದು ಗಂಟೆ ತಡ. ನಾನು ಒಂದು ತಿಂಗಳು ಆ ರಸ್ತೆಯಲ್ಲಿ ತಿರುಗಾಡಲಿಲ್ಲ.

ಹೀಗಿರುವಾಗ ಸೋಮವಾರಪೇಟೆಗೆ ಹೊಸ ಹೋಟೆಲು ಬಂತು. ನುಣ್ಣನೆ ಬಿಳಿ ಕಲ್ಲಿನ ಮೇಜುಗಳು, ಒಂದೊಂದಕ್ಕೂ ನಾಲ್ಕು ಕುರ್ಚಿ, ಗೋಡೆಯಲ್ಲಿ ಆಳೆತ್ತರದ ಕನ್ನಡಿ, ಕೈ ತೊಳೆಯಲು ನಲ್ಲಿ, ಕಪ್-ಬಸಿಯಲ್ಲಿ ಕಾಫಿ! ಚಿಕ್ಕಪ್ಪ ಬಾಗಿಲಲ್ಲೇ ನಿಂತುಬಿಟ್ಟರು.

"ಪಂಕ್ತೀನ ಹಿಂಗೆ ತುಂಡು ತುಂಡು ಮಾಡಿ ಚೆಲ್ಲವ್ರಲ್ಲೋ! ಒಬ್ಬರ ಬಾಯಿ ಒಬ್ಬರು ನೋಡ್ಕೊಂಡು ಉಣ್ಣಾದಾ?"

ನನಗೋ ಒಳಗೊಳಗೇ ಸಂತೋಷ. ಬೆಂಚೇ ಇಲ್ಲದ ಮೇಲೆ ಪಂಕ್ತಿ ಎಲ್ಲಿಂದ ಬರಬೇಕು? ಎಂಥ ಪೆದ್ದ ನಾನು! ಚಿಕ್ಕಪ್ಪ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು: "ಒಲೆ ಒಂದೇ ತಾನೆ? ಹಂಗಾದ್ರೆ ಎಲ್ಲಾ ಒಂದೇ ಪಂಕ್ತಿ." ಇಷ್ಟು ದಿನ ಒಂದು ಬೆಂಚು ಮಾತ್ರ ಅವರ ವಶದಲ್ಲಿತ್ತು, ಈಗ ಇಡೀ ಹೋಟೆಲೇ! ಕೊನೆಗೆ ಚಿಕ್ಕಮ್ಮ ನಡುವೆ ಬಂದು, "ನೀವು ಕೂತಾಗ ಯಾರ್ಯಾರು ಇರ್ತಾರೋ ಅವ್ರು ಮಾತ್ರ ನಿಮ್ಮ ಪಂಕ್ತಿ. ಆಮೇಲೆ ಬಂದೋರು ಎರಡನೇ ಪಂಕ್ತಿ. ಒಪ್ಪಿದ್ರೆ ಹೋಟ್ಲಿಗೆ ಹೋಗಿ, ಇಲ್ದಿದ್ರೆ ಮನೇಲೇ ಉಣ್ಣಿ" ಎಂದು ರಾಜಿ ಮಾಡಿಸಿದರು. ಚಿಕ್ಕಪ್ಪ ಗೊಣಗುತ್ತಾ ಒಪ್ಪಿಕೊಂಡರು.

ಇಲ್ಲಿಯವರೆಗೆ ನಗುನಗುತ್ತಾ ಹೇಳಿದೆ. ಮುಂದಿನದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅಮ್ಮನನ್ನೂ ಮನೆಗೆ ಕರೆತಂದು ಸಾಕಿದವರು ಇದೇ ಚಿಕ್ಕಪ್ಪ. ನಾನು ಮೆಟ್ರಿಕ್ ಮುಗಿಸಿ ಎರಡು ವರ್ಷ ಸುಮ್ಮನೆ ಕೂತಿದ್ದೆ. ಎಸ್ಟೇಟೊಂದರಲ್ಲಿ ರೈಟರ್ ಕೆಲಸ ಖಾಲಿಯಿದೆ, ಸಂತೆಯ ದಿನ ಮೇನೇಜರು ಸೋಮವಾರಪೇಟೆಯ ಹೊಸ ಹೋಟೆಲಿನಲ್ಲೇ ಮಾತಾಡುತ್ತಾರೆ ಎಂದು ಪರಿಚಯದವರೊಬ್ಬರು ಹೇಳಿ ಕಳಿಸಿದರು. ಈ ಕೆಲಸ ತಪ್ಪಿದರೆ ಇನ್ನೊಂದು ಸಿಗುವ ಹಾಗಿರಲಿಲ್ಲ. ಚಿಕ್ಕಪ್ಪ ಬಂದು ಕೆಡಿಸಿಯಾರೆಂಬ ಭಯಕ್ಕೆ ಮನೆಯಲ್ಲಿ ಯಾರಿಗೂ ಹೇಳದೆ ಹೊರಟೆ.

ಮೇನೇಜರು ಟೈ ಕಟ್ಟಿದ ಮನುಷ್ಯ. ಎರಡು ಮಸಾಲೆ ದೋಸೆಗೆ ಹೇಳಿ, ಪ್ರಶ್ನೆ ಕೇಳತೊಡಗಿದರು. ಅಷ್ಟರಲ್ಲಿ ಬಾಗಿಲಲ್ಲಿ ಖಾಕಿ ಕೋಟು! ಸಂತೆಗೆ ಬಂದಿದ್ದ ಚಿಕ್ಕಪ್ಪ ನನ್ನನ್ನು ಕಂಡು ಹಲ್ಲು ಬಿಟ್ಟು ನಕ್ಕರು. ನಾನು ಮುಖ ತಿರುಗಿಸಿದೆ. ಅವರು ನಮ್ಮ ಮಾತೆಲ್ಲ ಕೇಳುವಷ್ಟು ಹತ್ತಿರ, ಪಕ್ಕದ ಮೇಜಿನಲ್ಲೇ ಕೂತರು. ಅವರ ದೋಸೆ ಮೊದಲು ಬಂತು.

"ತಿನ್ನಿ, ಆರಿ ಹೋಗ್ತದೆ" ಎಂದ ಸಪ್ಲೈಯರು.

"ಆ ಮೇಜಿಗೆ ಇನ್ನೂ ಬಡಿಸಿಲ್ವಲ್ಲಪ್ಪ" ಎಂದು ಚಿಕ್ಕಪ್ಪ ನಮ್ಮತ್ತ ಕೈ ತೋರಿಸಿದರು.

ಮೇನೇಜರ ಹುಬ್ಬು ಮೇಲೇರಿತು. "ಯಾರ್ರೀ ಆ ಮನುಷ್ಯ? ನಮ್ಮನ್ನೇ ನೋಡ್ತಾ ಕೂತಿದಾನೆ. ನಿಮಗೆ ಗೊತ್ತಾ?"

"ಇಲ್ಲ ಸಾರ್" ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. "ಯಾರೋ ಹಳ್ಳಿಯವರು. ತಲೆ ಸ್ವಲ್ಪ..." ಎಂದು ಬೆರಳನ್ನು ಕಿವಿಯ ಪಕ್ಕ ತಿರುಗಿಸಿ ತೋರಿಸಿದೆ.

ಮೇನೇಜರು ನಕ್ಕರು. ನಾನೂ ನಕ್ಕೆ. ನಗುತ್ತಾ ತಲೆಯೆತ್ತಿದರೆ ಎದುರಿನ ಕನ್ನಡಿಯಲ್ಲಿ ಚಿಕ್ಕಪ್ಪ ನನ್ನ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಅವರು ಎದ್ದರು. ದೋಸೆ ಮುರಿದೂ ಇರಲಿಲ್ಲ. ಇಡೀ ಹೋಟೆಲು ತಿನ್ನುತ್ತಿರುವಾಗ, ತಮ್ಮ ಜನ್ಮದಲ್ಲೇ ಮೊದಲ ಸಲ ಮಧ್ಯದಲ್ಲಿ ಎದ್ದು, ಯಾರನ್ನೂ ನೋಡದೆ ಹೊರಗೆ ಹೋದರು. ನಾನು ಕರೆಯಲಿಲ್ಲ. ನಮ್ಮ ದೋಸೆಗಳು ಬಂದವು. ಸ್ವಲ್ಪ ಹೊತ್ತಿಗೆ ಮೇನೇಜರು ಗಡಿಯಾರ ನೋಡಿಕೊಂಡು, ಅರ್ಧ ದೋಸೆ ಬಿಟ್ಟು, "ಮುಂದಿನ ವಾರದಿಂದ ಬಂದುಬಿಡಿ" ಎಂದು ಎದ್ದರು. ಅವರ ಹಿಂದೆ ನಾನೂ ಎದ್ದೆ.

ಕೆಲಸ ಸಿಕ್ಕಿತ್ತು, ಆದರೂ ಮನೆಗೆ ಹೋಗಲು ಕಾಲು ಬರಲಿಲ್ಲ. ಸಂತೆಯಲ್ಲಿ ಸುಮ್ಮನೆ ಸುತ್ತಿ ಸಂಜೆಗೆ ಹೋದೆ. ಚಿಕ್ಕಮ್ಮ ಬಾಗಿಲಲ್ಲೇ ಹಿಡಿದರು. "ಎಲ್ಲೋ ಹೋಗಿದ್ದೆ? ಇವ್ರು ಬೆಳಗ್ಗಿಂದ ಒಂದು ತುತ್ತೂ ಮುಟ್ಟಿಲ್ಲ. ಕೇಳಿದ್ರೆ, ಪಂಕ್ತಿ ಅರ್ಧಕ್ಕೆ ನಿಂತೈತೆ, ಅವ್ನು ಬರ್ಲಿ ಅಂತಾರೆ. ಯಾವ ಪಂಕ್ತಿನೋ, ಏನ್ ಕತೆನೋ!"

ಒಳಗೆ ಎರಡು ಎಲೆ ಹಾಕಿತ್ತು. ಒಂದರ ಮುಂದೆ ಚಿಕ್ಕಪ್ಪ ಕೂತಿದ್ದರು. ನಾನು ಇನ್ನೊಂದರ ಮುಂದೆ ಕುಕ್ಕರಿಸಿದೆ.

"ಕೆಲ್ಸ ಆಯ್ತೇನೋ?"

"ಆಯ್ತು ಚಿಕ್ಕಪ್ಪ. ನಾನು ಅಲ್ಲಿ..."

"ಅಷ್ಟಾಯ್ತಲ್ಲ, ಬುಡು. ಆ ಮೇನೇಜ್ರು ಅರ್ಧಕ್ಕೆ ಎದ್ರೇನೋ?"

"ಎದ್ರು."

"ನೋಡ್ದಾ! ಆ ಜನದ ಮುಖ ನೋಡಿದ್ರೇ ಗೊತ್ತಾಗ್ತೈತೆ. ನಾನು ಅಲ್ಲೇ ಕೂತಿದ್ರೆ ಬೈದೇ ಬೈತಿದ್ದೆ ಕಣೋ. ನಿನ್ ಕೆಲ್ಸ ಹೋಗ್ಬುಡ್ತಿತ್ತು. ಅದಕ್ಕೇ ಎದ್ದು ಬಂದೆ. ನೀನು ಹೇಳಿದ್ದು ಸರಿಯಾಗೇ ಐತೆ, ನಂದು ತಲೆ ಸ್ವಲ್ಪ ಹಂಗೇ." ಹಾಗೆಂದು ಕಿವಿಯ ಪಕ್ಕ ಬೆರಳು ತಿರುಗಿಸಿ ತೋರಿಸಿ ನಕ್ಕರು.

ನಾನು ಅನ್ನ ಕಲಸುತ್ತಲೇ ಇದ್ದೆ. ಅವರು ಬೇಗ ಉಂಡು ಮುಗಿಸಿದರು. ಆಮೇಲೆ ನನ್ನ ಎಲೆ ಖಾಲಿಯಾಗುವವರೆಗೂ, ನಾನು ಅಳುವುದನ್ನು ನೋಡದವರ ಹಾಗೆ ಗೋಡೆ ನೋಡುತ್ತಾ ಕೂತೇ ಇದ್ದರು.