ಉಪ್ಪಿಟ್ಟು ತಿಂದು ಪಿಕಪ್ ನೋಡಿದ್ದು

ಹಳೇ ಡೀಸೆಲ್ ಪಿಕಪ್ಪಿನಷ್ಟು ಸುಳ್ಳು ಹೇಳುವ ವಸ್ತು ಈ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗ ಅಭಿಪ್ರಾಯ ಬದಲಾಗಿದೆ. ಪಾಪ, ಗಾಡಿಗೆ ಸುಳ್ಳು ಬರುವುದಿಲ್ಲ. ತಣ್ಣಗಿದ್ದಾಗ ಮಾತಾಡಿಸಿದರೆ ಇದ್ದದ್ದನ್ನು ಇದ್ದ ಹಾಗೆ ಕೆಮ್ಮಿ ಹೇಳುತ್ತದೆ. ಸುಳ್ಳು ಹೇಳುವವನು ಅದರ ಯಜಮಾನ. ಅವನಿಗಿಂತ ಹೆಚ್ಚಾಗಿ, ಅದನ್ನು ನೋಡಲು ಹೋದ ನನ್ನಂಥ ಪರಿಣತ.

ನಾನು ಓದಿದ್ದು ಏಳನೇ ತರಗತಿ. ಎಂಟಕ್ಕೆ ಹೋಗಬೇಕಾದ ವರ್ಷ ಶಿರಾಳಕೊಪ್ಪದ ಗ್ಯಾರೇಜೊಂದರಲ್ಲಿ ಲಾರಿಯ ಅಡಿಯಲ್ಲಿ ಅಂಗಾತ ಮಲಗಿದ್ದೆ. ಆಮೇಲೆ ಡ್ರೈವರನಾದೆ, ಆಮೇಲೆ ನನ್ನದೇ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿ ಹಾಕಿದೆ. ಯಾರ ಕೈಕಾಲೂ ಹಿಡಿಯಲಿಲ್ಲ. ಸುತ್ತಲಿನ ಊರುಗಳಲ್ಲಿ ಯಾರೇ ಹಳೇ ಗಾಡಿ ಕೊಳ್ಳುವುದಿದ್ದರೂ "ಅಣ್ಣಾ, ನೀವೊಂದ್ಸಲ ಕೈ ಇಟ್ಟು ನೋಡ್ಬಿಡ್ರಿ" ಎಂದು ನನ್ನ ಬಾಗಿಲಿಗೆ ಬರುತ್ತಿದ್ದರು. ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಲೆಕ್ಕದ ಮೇಷ್ಟ್ರು ಕೂಡ ನಿವೃತ್ತರಾದ ಮೇಲೆ ಕೋಳಿ ಸಾಕಣೆಗೆ ಪಿಕಪ್ ಬೇಕೆಂದು ಬಂದರು. ಅವರನ್ನು ಬಿಸಿಲಲ್ಲಿ ನಿಲ್ಲಿಸಿ ಅರ್ಧ ಗಂಟೆ ಎಂಜಿನ್ನಿನ ಸದ್ದು ಕೇಳಿದೆ. ಐದು ನಿಮಿಷ ಸಾಕಿತ್ತು.

ನನ್ನ ವಿದ್ಯೆ ಗುಟ್ಟಿನದೇನಲ್ಲ. ಮೊದಲು ಬಾನೆಟ್ ಮೇಲೆ ಅಂಗೈ ಇಡಬೇಕು. ಬಿಸಿ ಇದ್ದರೆ ನಾವು ಬರುವ ಮೊದಲೇ ಯಜಮಾನ ಅದನ್ನು ಓಡಿಸಿ, ಕೆಮ್ಮು ತೆಗೆಸಿ, ಮುಖ ತೊಳೆಸಿ ನಿಲ್ಲಿಸಿದ್ದಾನೆಂದು ಅರ್ಥ. ಅಲ್ಲಿಂದಲೇ ಮನೆಗೆ ತಿರುಗಬೇಕು. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಬೇಕು. ನೀಲಿ ಬಂದರೆ ಡೀಸೆಲ್ ಜೊತೆ ಆಯಿಲನ್ನೂ ಕುಡಿಯುವ ಚಟವಿದೆ. ಆಯಿಲ್ ಮುಚ್ಚಳ ತೆಗೆದರೆ ಇಡ್ಲಿ ಪಾತ್ರೆಯಂತೆ ಬುಸುಗುಟ್ಟಬಾರದು. ಮೀಟರ್ ಕಡಿಮೆ ಓಟ ತೋರಿಸಿ ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ರಬ್ಬರಿನ ಮಾತು ನಂಬಬೇಕು. ಅಡಿಗೆ ತೂರಿ ಚಾಸಿಗೆ ವೆಲ್ಡಿಂಗ್ ತೇಪೆ ಹಾಕಿದ್ದಾರೇನೋ ನೋಡಬೇಕು. ಐದು ವರ್ಷಕ್ಕೊಮ್ಮೆ ನಾವು ಆರಿಸಿ ಕಳಿಸುವವರ ಬಾನೆಟ್ಟನ್ನೂ ಹೀಗೆ ಎತ್ತಿ ನೋಡಿದ್ದರೆ ನಮ್ಮ ರಸ್ತೆಗಳು ಹೀಗಿರುತ್ತಿರಲಿಲ್ಲ. ಇರಲಿ.

ಇದೆಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಗಾಡಿ ನೋಡಿ ಮುಗಿಯುವ ತನಕ ಆ ಮನೆಯಲ್ಲಿ ನೀರೂ ಕುಡಿಯಬಾರದು. ನಮ್ಮ ಕಡೆ ಒಬ್ಬರ ಮನೆಯಲ್ಲಿ ತಿಂದು, ಕೈ ತೊಳೆದ ನೀರು ಆರುವ ಮೊದಲೇ ಅವರ ಗಾಡಿಗೆ ಹೆಸರಿಡುವ ಗಂಡಸು ಇನ್ನೂ ಹುಟ್ಟಿಲ್ಲ. ಈ ನಿಯಮವನ್ನು ನಾನೇ ನೂರು ಜನಕ್ಕೆ ಉಪದೇಶಿಸಿದ್ದೇನೆ.

ಹೀಗಿರುವಾಗ ನನ್ನ ಸ್ವಂತ ಪಿಕಪ್ ಬಳ್ಳಿಗಾವಿಯ ಹತ್ತಿರ, ಮದುವೆ ಮನೆಯ ಕೊಪ್ಪರಿಗೆಗಳನ್ನು ಹೊತ್ತುಕೊಂಡು, ಗೇರ್‌ಬಾಕ್ಸ್ ಮುರಿದು ನಿಂತಿತು. ಮುಹೂರ್ತ ಮುಗಿದರೂ ಅಲ್ಲಿ ಅನ್ನಕ್ಕೆ ಎಸರಿಟ್ಟಿರಲಿಲ್ಲ. ಬೀಗರು ನನ್ನನ್ನು ಬೈದ ಮಾತುಗಳಲ್ಲಿ ಕೆಲವು ನನಗೆ ಹೊಸವು. ವಾರದಲ್ಲಿ ಶಿಕಾರಿಪುರದಲ್ಲಿ ಇನ್ನೊಂದು ಮದುವೆ ಒಪ್ಪಿಕೊಂಡಿದ್ದೆ. ಅದಕ್ಕೂ ಪಾತ್ರೆ ತಡವಾದರೆ ಅಂಗಡಿಗೆ ಬೀಗ ಹಾಕುವುದೊಂದೇ ದಾರಿ. ಅಷ್ಟರೊಳಗೆ ಇನ್ನೊಂದು ಹಳೇ ಪಿಕಪ್ ಕೊಳ್ಳಲೇಬೇಕಿತ್ತು. ನನ್ನ ಹೆಂಡತಿ ಗಿರಿಜಾ "ರೀ, ಈ ಸಲ ಒಬ್ಬ ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗ್ರಿ" ಎಂದಳು. "ನನಗೆ ಮೆಕ್ಯಾನಿಕ್ಕಾ?" ಎಂದು ಗುಡುಗಿದೆ. "ಹಂಗಾರೆ ನಾನೇ ಬರ್ತೀನಿ" ಎಂದು ಸೀರೆ ಬದಲಿಸಿ ಬೈಕಿನ ಹಿಂದೆ ಕೂತಳು.

ಗಾಡಿ ಇದ್ದದ್ದು ಆನವಟ್ಟಿ ಹತ್ತಿರದ ಒಂದು ಹಳ್ಳಿಯಲ್ಲಿ, ಬಸವಣ್ಯಪ್ಪ ಎಂಬವರ ಮನೆ ಮುಂದೆ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟಿದ್ದರು. ಎಂಥ ಜವಾಬ್ದಾರಿ ಮನುಷ್ಯ ಎಂದುಕೊಂಡೆ. ಬಾನೆಟ್ ಮೇಲೆ ಅಂಗೈ ಇಟ್ಟೆ. ರೊಟ್ಟಿ ಬೇಯಿಸಬಹುದಿತ್ತು.

"ಈಗಷ್ಟೇ ಡೈರಿಗೆ ಹಾಲು ಹಾಕಿ ಬಂದೆ ನೋಡ್ರಿ" ಎಂದರು ಬಸವಣ್ಯಪ್ಪ. "ನಿಮ್ಮ ಹೆಸರು ಕೇಳೀವಿ. ನೀವು ಬಂದು ಮುಟ್ಟಿದ್ರಿ ಅಂದ್ರೆ ನಮ್ಮ ಗಾಡಿ ಪುಣ್ಯ ಮಾಡೈತೆ."

ನಾನು ನಿಯಮದ ಪ್ರಕಾರ ತಿರುಗಬೇಕಿತ್ತು. ಆದರೆ ಹೊಗಳಿಕೆಗೆ ಕಾಲು ಸ್ವಲ್ಪ ನಿಧಾನವಾಯಿತು. ಅಷ್ಟರಲ್ಲಿ ಅವರ ತಾಯಿ ಹೊರಗೆ ಬಂದರು. "ಯಾವೂರಪ್ಪಾ? ಯಾರ ಮಗ?" ಹೇಳಿದೆ. "ಅಯ್ಯ, ಹಂಗಾರೆ ನೀನು ನಮ್ಮ ತಂಗಿ ಗಂಡನ ಕಡೆಯವ! ವರಸೇಲಿ ಅಳಿಯ ಆಗ್ತೀಯ. ಅಳಿಯ ಬಿಸಿಲಾಗೆ ನಿಂತರೆ ಊರು ಏನಂತೈತೆ? ಪೂಜೆ ಪ್ರಸಾದ ಅದೆ, ಬಾ ಒಳಗೆ."

ಪ್ರಸಾದ ಎಂದ ಮೇಲೆ ಬೇಡ ಎನ್ನುವಂತಿಲ್ಲ. ಬಾಳೆಹಣ್ಣಿನಲ್ಲಿ ಶುರುವಾದದ್ದು ಉಪ್ಪಿಟ್ಟಿಗೆ ಬಂತು. ಉಪ್ಪಿಟ್ಟಿನ ಮೇಲೆ ತುಪ್ಪ ಬಿತ್ತು. ಎರಡನೇ ಸಲ ಬಡಿಸಿಕೊಳ್ಳುವಾಗ ನನಗೆ ಪೆಡಲಿನ ರಬ್ಬರ್ ನೆನಪಾಯಿತು. ಮೂರನೇ ಸಲಕ್ಕೆ ಮರೆತುಹೋಯಿತು. ಅತ್ತೆಯ ಕೈಯ ತುಪ್ಪ ತಿಂದು ಅವರ ಮಗನ ಆಯಿಲ್ ಮುಚ್ಚಳ ತೆಗೆಯುವುದು ಹೇಗೆ? ಹೊರಗೆ ಬಂದು ಗಾಡಿಗೆ ಒಂದು ಸುತ್ತು ಹಾಕಿ, ಟೈರಿಗೆ ಶಾಸ್ತ್ರಕ್ಕೆ ಒಂದು ಒದೆ ಕೊಟ್ಟು, "ಚೆನ್ನಾಗೈತೆ. ಅಡ್ವಾನ್ಸ್ ಇಟ್ಕಳ್ರಿ" ಎಂದು ಜೇಬಿಗೆ ಕೈ ಹಾಕಿದೆ.

ಆಗ ಹಿತ್ತಲಿನಿಂದ, ಆ ಮನೆಯ ಸೊಸೆಯ ಜೊತೆ ಮಾತು ಮುಗಿಸಿ ಗಿರಿಜಾ ಬಂದಳು. "ಇವತ್ತು ಅಮಾವಾಸ್ಯೆ ಅಣ್ಣಾ, ನಾಳೆ ಬಂದು ಕೊಡ್ತೀವಿ" ಎಂದಳು. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿತ್ತು. ಆದರೆ ಆ ಮುಖ ಮಾಡಿಕೊಂಡಾಗ ಅವಳ ಪಂಚಾಂಗವನ್ನು ನಾನು ಪ್ರಶ್ನಿಸುವುದಿಲ್ಲ.

ದಾರಿಯುದ್ದಕ್ಕೂ ರೇಗಾಡಿದೆ. ಅವಳು ಹೇಳಿದ್ದು ಇಷ್ಟೆ: "ಆ ಸೊಸೆ ಹುಡುಗಿ ರಟ್ಟೆ ನೋಡಿದ್ರಾ? ದಿನಾ ಬೆಳಿಗ್ಗೆ ಸಗಣಿ ಬಾಚೋದಕ್ಕೆ ಮೊದ್ಲು ಗಾಡಿ ತಳ್ಳಬೇಕಂತೆ."

ಮರುದಿನ ಬೆಳಕು ಹರಿಯುವಾಗಲೇ ಹೋದೆವು. ಬಾನೆಟ್ ಮಂಜಿನಲ್ಲಿ ಒದ್ದೆಯಾಗಿತ್ತು. ಬಸವಣ್ಯಪ್ಪ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದರು. "ಎಂತಕ್ಕೆ ಅವಸರ, ಉಪ್ಪಿಟ್ಟು ತಿಂದು ನೋಡಿದ್ರಾತು."

"ಉಪ್ಪಿಟ್ಟು ಆಮೇಲೆ ಅಣ್ಣಾ. ಮೊದ್ಲು ಸೆಲ್ಫ್ ಹೊಡೀರಿ" ಎಂದಳು ಗಿರಿಜಾ.

ಸೆಲ್ಫ್ ಹೊಡೆದರು. ಗಾಡಿ ನಾಲ್ಕು ಸಲ ನರಳಿ ಸುಮ್ಮನಾಯಿತು. ಆ ಸದ್ದು ಕೇಳಿದ್ದೇ ಮನೆಯೊಳಗಿಂದ ಒಬ್ಬೊಬ್ಬರಾಗಿ ಬಂದು, ಯಾರೂ ಹೇಳದೆಯೇ, ಹಿಂದುಗಡೆ ತಮ್ಮ ತಮ್ಮ ಜಾಗದಲ್ಲಿ ನಿಂತರು. ಅಜ್ಜಿ ಗಾಲಿಯ ಕಲ್ಲು ತೆಗೆಯುವ ಹುದ್ದೆಯಲ್ಲಿದ್ದರು. ಎಡಮೂಲೆ ಖಾಲಿಯಿತ್ತು, ವರಸೆಯಲ್ಲಿ ಅಳಿಯನಾದ್ದರಿಂದ ನಾನೂ ಕೈ ಕೊಟ್ಟೆ. ಇಳಿಜಾರಿನ ಕೊನೆಯಲ್ಲಿ ಗಾಡಿ ಒಮ್ಮೆ ಗುಡುಗಿ, ಆವರೆಗೆ ಅಡಗಿಸಿಟ್ಟಿದ್ದ ಹೊಗೆಯನ್ನೆಲ್ಲ ನನ್ನ ಇಸ್ತ್ರಿ ಪಂಚೆಯ ಮೇಲೆ ಬಿಟ್ಟಿತು. ಅದು ನೀಲಿ ಬಣ್ಣದ್ದಾಗಿತ್ತು.

ಆ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾರೆ, ಹೋಗಿ ಉಂಡು ಬರುತ್ತೇವೆ. ಪಿಕಪ್ ಮಾತ್ರ ಸೊರಬದಲ್ಲಿ ಒಬ್ಬ ಸಿಡುಕನ ಹತ್ತಿರ ಕೊಂಡೆವು. ಆ ಪುಣ್ಯಾತ್ಮ ಕೂರಿ ಎನ್ನಲಿಲ್ಲ, ನೀರು ಕೊಡಲಿಲ್ಲ, "ನೋಡೋದಿದ್ರೆ ನೋಡಿ, ಇಲ್ದಿದ್ರೆ ಹೊರಡಿ" ಎಂದ. ಹಸಿದ ಹೊಟ್ಟೆಯಲ್ಲಿ ನಾನು ಅದರ ಒಂದೊಂದು ನಟ್ಟನ್ನೂ ಬಿಡದೆ ನೋಡಿದೆ. ಶಿಕಾರಿಪುರದ ಮದುವೆಗೆ ಕೊಪ್ಪರಿಗೆಗಳು ಹಿಂದಿನ ದಿನವೇ ತಲುಪಿದವು.

ಸುದ್ದಿ ಹೇಗೆ ಹಬ್ಬಿತೋ ಗೊತ್ತಿಲ್ಲ. ಈಗ ಗಾಡಿ ಕೊಳ್ಳುವವರು ನಮ್ಮ ಬಾಗಿಲಿಗೆ ಬಂದರೆ "ಅಕ್ಕಾರು ಅದಾರನ್ರೀ?" ಎಂದು ಕೇಳುತ್ತಾರೆ. ಹಾಗಂತ ನನ್ನನ್ನು ಬಿಟ್ಟು ಹೋಗುವುದಿಲ್ಲ. ಗಿರಿಜಾ ಗಾಡಿಯವರ ಹಿತ್ತಲಿಗೆ ಹೋಗಿ ಬರುವ ತನಕ ಅವರ ಜಗಲಿಯಲ್ಲಿ ಕೂತು, ಬಡಿಸಿದ್ದನ್ನೆಲ್ಲ ತಿನ್ನುತ್ತ, ಯಜಮಾನ ಎದ್ದು ಹೋಗದಂತೆ ಮಾತಿನಲ್ಲಿ ಹಿಡಿದಿಡಲು ಅನುಭವಸ್ಥನೊಬ್ಬ ಬೇಕಲ್ಲ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.